ಹಾಲು ನಿಲ್ಲಿಸಿ ಎನ್ನದ ಬೆಳಿಗ್ಗೆ

ನಾನು ಪುತ್ತೂರಿನಲ್ಲಿ ಮಕ್ಕಳ ಡಾಕ್ಟರು. ಹುಟ್ಟಿದ ಮೂರನೆಯ ದಿನ ಮಗುವಿನ ಹಿಮ್ಮಡಿ ಚುಚ್ಚಿ, ನಾಲ್ಕು ಹನಿ ರಕ್ತವನ್ನು ದಪ್ಪ ಕಾಗದದ ಕಾರ್ಡಿಗೆ ಹಿಡಿದು, ಒಣಗಿಸಿ, ದೂರದ ಪ್ರಯೋಗಾಲಯಕ್ಕೆ ಕೊರಿಯರ್ ಮಾಡುವ ಪದ್ಧತಿಯನ್ನು ನಮ್ಮ ಕಡೆ ಮೊದಲು ಶುರು ಮಾಡಿದವಳು ನಾನೇ. ಕೆಲವು ಮಕ್ಕಳು ನೋಡಲಿಕ್ಕೆ ಗುಂಡಗೆ ಚೆನ್ನಾಗಿಯೇ ಇರುತ್ತವೆ, ಒಳಗೆ ಮಾತ್ರ ಕುಡಿದದ್ದು ಜೀರ್ಣವಾಗದೆ ವಿಷವಾಗುತ್ತಿರುತ್ತದೆ. ಅಂಥ ಕಾಯಿಲೆಯನ್ನು ಅದು ಮುಖ ತೋರಿಸುವ ಮೊದಲೇ ಹಿಡಿಯಬೇಕು ಎಂಬುದು ನನ್ನ ಹಟ. ಸುಳ್ಯ, ಕಡಬದ ಡಾಕ್ಟರುಗಳು "ನಗುವ ಮಗುವನ್ನು ಚುಚ್ಚಿ ಅಳಿಸುವವರು" ಎಂದು ನನ್ನನ್ನು ತಮಾಷೆ ಮಾಡುತ್ತಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಈಗಲೂ ಹಾಗೆಯೇ.

ಮೊದಲಿನಿಂದ ನನ್ನ ಜೊತೆ ದುಡಿದವರು ಒಬ್ಬರು ಸಿಸ್ಟರ್. ನೆಲ್ಯಾಡಿ ಕಡೆಯವರು, ಅವರ ಅಪ್ಪ ಕೇರಳದಿಂದ ಬಂದು ಇಲ್ಲಿ ರಬ್ಬರ್ ತೋಟ ಹಾಕಿದವರು. ಕಾರ್ಡು ಒಣಗಿಸುವ ಕೆಲಸ ಅವರದ್ದು. ಅದು ನೆರಳಿನಲ್ಲಿ, ಬರೀ ಗಾಳಿಗೆ ಒಣಗಬೇಕು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಒಗೆದ ಲಂಗೋಟಿಯೇ ನಾಲ್ಕು ದಿನವಾದರೂ ಒಣಗುವುದಿಲ್ಲ, ಇನ್ನು ರಕ್ತದ ಕಾರ್ಡು ಒಣಗುವುದೆಲ್ಲಿ! ಹಸಿ ಕಾರ್ಡನ್ನು ಪ್ರಯೋಗಾಲಯದವರು ವಾಪಸು ಕಳಿಸುತ್ತಿದ್ದರು, ನಾನು ಸಿಸ್ಟರಿಗೆ ಬೈಯುತ್ತಿದ್ದೆ. ಬೈಸಿಕೊಂಡು ಸಾಕಾಗಿ ಅವರು ಒಂದು ಶನಿವಾರ ಕಾರ್ಡುಗಳನ್ನು ಮನೆಗೆ ಒಯ್ದು, ರಬ್ಬರ್ ಶೀಟುಗಳನ್ನು ಹೊಗೆಯ ಬಿಸಿಗೆ ಒಣಗಿಸುವ ಗೂಡಿನಲ್ಲಿ, ಶೀಟುಗಳ ಪಕ್ಕದಲ್ಲೇ ಕ್ಲಿಪ್ಪು ಸಿಕ್ಕಿಸಿ ನೇತುಹಾಕಿದರು. ಸೋಮವಾರ ಕಾರ್ಡುಗಳು ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ನಾನು ಶಹಬ್ಬಾಸ್ ಎಂದೆ. ಹೇಗೆ ಒಣಗಿಸಿದಿರಿ ಎಂದು ಕೇಳಲಿಲ್ಲ.

ಆ ಕಾರ್ಡುಗಳಲ್ಲಿ ಒಂದಕ್ಕೆ ಕೆಟ್ಟ ವರದಿ ಬಂತು. ಆಲಂಕಾರಿನ ಒಂದು ಹೆಣ್ಣು ಮಗುವಿಗೆ ಗ್ಯಾಲಕ್ಟೊಸೀಮಿಯಾ ಇರಬಹುದು ಎಂದು. ಅಂದರೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವೇ ಮೈಯಲ್ಲಿಲ್ಲ. ತಾಯಿಯ ಹಾಲೇ ಮಗುವಿನ ಪಿತ್ತಜನಕಾಂಗವನ್ನು, ಮಿದುಳನ್ನು ಕೆಡಿಸುತ್ತದೆ. ನಾನು ಆ ಕ್ಷಣವೇ ಹಾಲು ಬಿಡಿಸಿದೆ. ಎರಡನೆಯ ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಮಗುವಿಗೆ ಏನೂ ಇರಲಿಲ್ಲ. ಬಿಸಿ ತಾಗಿದರೆ ಆ ಕಿಣ್ವ ಕಾರ್ಡಿನಲ್ಲೇ ಸಾಯುತ್ತದೆ. ಹೊಗೆಗೂಡಿನ ಕತೆ ಹೊರಗೆ ಬಿದ್ದದ್ದು ಆಗ. ಅಷ್ಟರಲ್ಲಿ ಆ ಬಾಣಂತಿಯ ಹಾಲು ಬತ್ತಿತ್ತು. ಅವಳ ಅತ್ತೆ ಹೊರರೋಗಿಗಳ ಸಾಲಿನ ಎದುರೇ ನನ್ನನ್ನು ಕೇಳಿದರು, "ಎಂತ ಡಾಕ್ಟ್ರೆ, ನಿಮಗೆ ಪರೀಕ್ಷೆ ಮಾಡ್ಲಿಕ್ಕೆ ನಮ್ಮ ಮಗುವೇ ಬೇಕಿತ್ತಾ?" ಆ ನಾಚಿಕೆಯನ್ನು ನಾನು ಸಿಸ್ಟರ್ ಮೇಲೆ ತೀರಿಸಿಕೊಂಡೆ.

ಒಂದು ತಿಂಗಳಾಗಿತ್ತು. ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಾಲಯದಿಂದ ಫೋನು. ಅದೇ ಕಾಯಿಲೆ, ಬೇರೆ ಮಗು. ಎಂಟು ದಿನದ ಗಂಡು ಮಗು, ಬಾಣಂತಿ ತವರಿಗೆ ಹೋಗಿದ್ದಾಳೆ, ಗುತ್ತಿಗಾರಿಗೆ.

ನಾನು ಫೋನು ಇಟ್ಟವಳೇ ಸಿಸ್ಟರನ್ನು ಕರೆದೆ. "ಪುನಃ ಗೂಡಿಗೆ ಹಾಕಿದ್ರಾ?"

"ಇಲ್ಲ ಡಾಕ್ಟ್ರೆ. ಇಲ್ಲೇ, ಫ್ಯಾನಿನ ಅಡಿಯಲ್ಲೇ ಒಣಗಿಸಿದ್ದು."

"ಸತ್ಯ ಹೇಳಿ."

"ಸತ್ಯವೇ ಹೇಳುದು." ನಾನು ನಂಬಲಿಲ್ಲ.

ಮಗುವಿನ ಅಪ್ಪನಿಗೆ ಫೋನು ಮಾಡಿದೆ. ಮಗು ಹೇಗಿದ್ದಾನೆ ಎಂದು ಕೇಳಿದೆ. "ಏನೂ ತೊಂದರೆ ಇಲ್ಲ, ಚಂದ ಮಲಗ್ತಾನೆ," ಎಂದ. ಇನ್ನೊಮ್ಮೆ ಸ್ವಲ್ಪ ರಕ್ತ ತೆಗೆಯಬೇಕು, ನಾನೇ ಬರುತ್ತೇನೆ ಎಂದೆ. ಹಾಲು ನಿಲ್ಲಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಲಂಕಾರಿನ ಅತ್ತೆಯ ಮುಖ ಕಣ್ಣ ಮುಂದೆ ಬಂತು, ನುಂಗಿಕೊಂಡೆ. ಸರಿಯಾಗಿ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ಮಗುವಿನ ಬಗ್ಗೆ ಅಲ್ಲ, ನನ್ನ ಮರ್ಯಾದೆಯ ಬಗ್ಗೆ.

ಕಾದಿದ್ದ ರೋಗಿಗಳನ್ನು ಮುಗಿಸಿ ಹೊರಟಾಗ ಹನ್ನೊಂದು. ಸಿಸ್ಟರ್ ತಮ್ಮ ದೊಡ್ಡ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಸುಳ್ಯ ದಾಟಿದೆವು. ಮುಂದೆ ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯವರು ಜೀಪನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದರು. ಆನೆ ರಸ್ತೆ ದಾಟಿ ತೋಟಕ್ಕೆ ಇಳಿದಿದೆ, ಓಡಿಸುವವರೆಗೆ ಯಾರೂ ಹೋಗುವ ಹಾಗಿಲ್ಲ.

"ಒಂದು ಮಗುವಿನ ವಿಷಯ ಮಾರಾಯ್ರೆ, ಬಿಡಿ," ಎಂದೆ.

"ನಿಮ್ಮ ಜೀವದ ವಿಷಯವೂ ಉಂಟಲ್ಲಾ ಮೇಡಂ," ಎಂದ ಗಾರ್ಡ್.

ಅಲ್ಲಿ ಕೂತಾಗ ಒಂದು ಯೋಚನೆ ಬಂತು. ಎಂಟು ದಿನದ ಮಗು ಚಂದ ಮಲಗುತ್ತದೆಯೇ? ಹಸಿದು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳಬೇಕಾದ ಪ್ರಾಯ ಅದು. ಫೋನು ತೆಗೆದೆ. ನೆಟ್‌ವರ್ಕ್ ಇರಲಿಲ್ಲ. ಕಾರಿನಿಂದ ಇಳಿದು ರಸ್ತೆಯುದ್ದಕ್ಕೂ ಫೋನು ಎತ್ತಿ ಹಿಡಿದು ನಡೆದೆ. ಗಾರ್ಡ್ ವಾಪಸು ಕರೆದು ಗದರಿಸಿದ. ಮುಕ್ಕಾಲು ಗಂಟೆ ಹಾಗೇ ಹೋಯಿತು.

ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಮಗುವಿನ ಬಟ್ಟೆ ಬಿಚ್ಚಿ ಜಗಲಿಯ ಬೆಳಕಿಗೆ ತಂದೆ. ಕಣ್ಣು, ಹೊಟ್ಟೆ, ಅಂಗಾಲಿನವರೆಗೂ ಕಾಮಾಲೆಯ ಅರಿಸಿನ ಬಣ್ಣ. ಅಂಗಾಲಿಗೆ ತಟ್ಟಿದರೆ ಮುಖ ಕಿವಿಚಿದ, ಅಳಲಿಲ್ಲ. ಬಟ್ಟೆ ಬಿಚ್ಚಿದ್ದಕ್ಕೋ ಏನೋ ಉಚ್ಚೆ ಹೊಯ್ದ. ಸಿಸ್ಟರ್ ಚಕ್ಕನೆ ಲೋಟ ಹಿಡಿದರು. ನಾನು ತಂದಿದ್ದ ನೀಲಿ ದ್ರಾವಣಕ್ಕೆ ಎಂಟು ಹನಿ ಹಾಕಿ, ಅಡುಗೆಮನೆಯಲ್ಲಿ ನೀರು ಕುದಿಸಿ ಅದರಲ್ಲಿ ಟ್ಯೂಬು ಇಳಿಸಿದೆ. ಇದು ಹಳೆಯ ಪರೀಕ್ಷೆ. ಮೂತ್ರದಲ್ಲಿ ಸಕ್ಕರೆಯಿದ್ದರೆ ಬಣ್ಣ ಬದಲಾಗುತ್ತದೆ. ಅಜ್ಜಿ, ಬಾಣಂತಿ, ಅವಳ ಗಂಡ ಎಲ್ಲ ಒಲೆಯ ಸುತ್ತ ನಿಂತಿದ್ದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಆಮೇಲೆ ಇಟ್ಟಿಗೆಯ ಕೆಂಪು. ಗ್ಲೂಕೋಸನ್ನು ಮಾತ್ರ ತೋರಿಸುವ ಕಾಗದದ ಪಟ್ಟಿಯನ್ನು ಉಳಿದ ಮೂತ್ರಕ್ಕೆ ಅದ್ದಿದೆ, ಅದರಲ್ಲಿ ಏನೂ ಬರಲಿಲ್ಲ. ಅಂದರೆ ಇದು ಹಾಲಿನ ಸಕ್ಕರೆಯೇ.

"ಇನ್ನು ಒಂದು ಹನಿ ಹಾಲೂ ಕೊಡಬಾರದು. ಈಗಲೇ ಪುತ್ತೂರಿಗೆ ಹೊರಡಬೇಕು," ಎಂದೆ.

ಅಜ್ಜಿ ಮಗುವನ್ನು ಎತ್ತಿಕೊಂಡು ಹಿಂದೆ ಸರಿದರು. "ಆಲಂಕಾರಿನಲ್ಲಿ ಮಾಡಿದ್ದು ಸಾಕಾಗ್ಲಿಲ್ವಾ? ಅಮ್ಮನ ಹಾಲು ಬಿಡ್ಸಿ ಮಗು ಎಂತ ಕುಡಿಯುದು?"

ವರದಿ ಸುಳ್ಳು ಎಂದು ತೀರ್ಮಾನಿಸಿ ಬಂದವಳು ನಾನು, ಬದಲಿ ಹಾಲು ತಂದಿರಲಿಲ್ಲ. ಸಿಸ್ಟರ್ ಚೀಲದಿಂದ ಸೋಯಾ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ನಾನು ಗೂಡಿಗೆ ಹಾಕಿರ್ಲಿಲ್ಲ ಡಾಕ್ಟ್ರೆ," ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿ, ಅಜ್ಜಿಯ ಕಡೆ ತಿರುಗಿದರು. "ಅಮ್ಮಾ, ಆಲಂಕಾರಿನಲ್ಲಿ ತಪ್ಪಾದ್ದು ನನ್ನಿಂದ. ಅದಕ್ಕೆ ಈ ಮಗು ಎಂತ ಮಾಡಿದೆ?"

ಅಜ್ಜಿ ಮಗುವನ್ನು ಅವರ ಕೈಗೆ ಕೊಟ್ಟರು.

ಆ ಒಂದು ವಾರ ಆಸ್ಪತ್ರೆಯಲ್ಲಿ ಅವನನ್ನು ಉಳಿಸಲು ನಾವು ಪಟ್ಟ ಪಾಡು ಹೇಳಿ ಮುಗಿಯುವುದಲ್ಲ. ರಕ್ತಕ್ಕೆ ಸೋಂಕು ಇಳಿದಿತ್ತು. ಒಮ್ಮೆ ಉಸಿರು ನಿಂತೇ ಹೋಗಿತ್ತು. ಆರನೆಯ ದಿನ ಅರಿಸಿನ ಇಳಿಯಿತು, ಏಳನೆಯ ದಿನ ಹಸಿವಿಗೆ ಜೋರಾಗಿ ಅತ್ತ. ನಾನು ಸಿಸ್ಟರ್ ಹತ್ತಿರ ಎಲ್ಲರೆದುರು ತಪ್ಪಾಯಿತು ಎಂದೆ. ಅವರು "ಆಯ್ತು ಬಿಡಿ" ಎಂದು ಸೋಯಾ ಕಲಸಲು ಹೋದರು.

ಬಾಣಂತಿ ಮಗುವಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ತುಂಬಿ ಬಂದ ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ, "ಡಾಕ್ಟ್ರೆ, ಆ ದಿನ ನಿಮಗೆ ಎಷ್ಟು ಗಂಟೆಗೆ ಗೊತ್ತಾದ್ದು?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಒಂಬತ್ತಕ್ಕೆ," ಎಂದೆ.

ಅವಳು ಮಗುವಿನ ಹೊದಿಕೆ ಸರಿಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹತ್ತಕ್ಕೆ ಒಮ್ಮೆ ಕೊಟ್ಟೆ, ಹನ್ನೆರಡಕ್ಕೆ ಒಮ್ಮೆ. ಬೇಡ ಅಂತ ಬಾಯಿ ಮುಚ್ಚಿಕೊಳ್ತಿದ್ದ ಡಾಕ್ಟ್ರೆ. ಮಲಗಿದ್ರೂ ಎಬ್ಬಿಸಿ ಕುಡಿಸ್ಬೇಕು ಅಂತ ನೀವೇ ಹೇಳಿ ಕಳಿಸಿದ್ದಲ್ವಾ, ಕಿವಿ ಹಿಂಡಿ ಎಬ್ಬಿಸಿ ಕುಡಿಸಿದೆ."