ಅಪ್ಪ ಕರೆಯುತ್ತಿದ್ದಾರೆ

ಆಸ್ಪತ್ರೆಯ ನರ್ಸುಗಳಿಗೆ ಅವಳು ಗಂಟೆಯಕ್ಕ. ಹಾಸಿಗೆ ಪಕ್ಕದ ಕರೆಗುಂಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಂ ಬರೆದವಳು ಅವಳೇ. ಬೇರೆಯವರು ಬರೆದಿಟ್ಟ ದೊಡ್ಡ ಕೋಡ್ ಲೈಬ್ರರಿಗಳ ಗೊಡವೆಗೆ ಹೋಗದೆ ಒಂದೇ ಪುಟದಲ್ಲಿ ಮುಗಿಸಿದ್ದಳು. ಗುಂಡಿ ಒತ್ತಿದರೆ ಆ ಹಾಸಿಗೆಯ ಹೆಸರಿನಲ್ಲಿ ಸುದ್ದಿ ಹೊರಡುತ್ತಿತ್ತು. ಆ ಹೆಸರಿಗೆ ಚಂದಾದಾರರಾದ ಎಲ್ಲರಿಗೂ, ಅಂದರೆ ನರ್ಸುಗಳ ಪರದೆಗೆ, ಬಾಗಿಲ ಮೇಲಿನ ದೀಪಕ್ಕೆ, ಮನೆಯವರ ಫೋನಿಗೆ, ಅದು ತಲುಪುತ್ತಿತ್ತು. ಯಾರು ಕೇಳಿಸಿಕೊಳ್ಳುತ್ತಿದ್ದಾರೆಂಬುದು ಕರೆದವರಿಗೆ ಗೊತ್ತಿರಬೇಕಿರಲಿಲ್ಲ.

"ಇಷ್ಟೇನಾ?" ಎಂದು ಮ್ಯಾನೇಜರ್ ಮೂಗು ಮುರಿದಿದ್ದರು.

"ತೂಕ ಹಾಕಿ ಮಾರ್ತೀರಾ ಸಾರ್?" ಎಂದಿದ್ದಳು ಅವಳು.

ಒಂದು ಮಧ್ಯಾಹ್ನ ಅಪರಿಚಿತ ಹೆಂಗಸೊಬ್ಬಳು ಅವಳನ್ನು ಹುಡುಕಿಕೊಂಡು ಆಫೀಸಿಗೇ ಬಂದಳು. ಫೋನನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ 'ಅಪ್ಪ ಕರೆಯುತ್ತಿದ್ದಾರೆ' ಎಂದಿತ್ತು.

"ಅಪ್ಪ ಹೋಗಿ ತಿಂಗಳಾಯ್ತು ಅಕ್ಕಾ. ಮೊದಲನೇ ಸಲ ಇದು ಬಂದಾಗ ಚಪ್ಪಲಿನೂ ಹಾಕ್ಕೊಳ್ದೆ ಆಸ್ಪತ್ರೆಗೆ ಓಡಿದೆ. ಅದೇ ಹಾಸಿಗೆ ಮೇಲೆ ಯಾರೋ ಅಜ್ಜಿ. 'ಬಂದ್ಯಾ ಮಗಳೇ, ನೀರು ಕೊಡು' ಅಂದ್ರು. ಕೊಟ್ಟು ಬಂದೆ."

ಗಂಟೆಯಕ್ಕ ತಾನು ಬರೆದ ಪುಟವನ್ನು ತೆರೆದಳು. ಚಂದಾದಾರರನ್ನು ಸೇರಿಸುವ ಸಾಲು ಬರೆದಿದ್ದಳು, ಬಿಡಿಸುವ ಸಾಲು ಬರೆದಿರಲಿಲ್ಲ. ರೋಗಿ ಹೋದರೂ ಮಗಳ ಫೋನು ಆ ಹಾಸಿಗೆಯನ್ನು 'ಅಪ್ಪ' ಎಂದೇ ಗುರುತಿಸುತ್ತ ಅದಕ್ಕೆ ಕಿವಿಗೊಟ್ಟುಕೊಂಡೇ ಇತ್ತು.

"ತಪ್ಪು ನಂದೇ. ಈಗಲೇ ತೆಗೀತೀನಿ."

"ತೆಗೀರಿ," ಎಂದವಳು ಮರುಕ್ಷಣವೇ, "ತಾಳಿ," ಎಂದಳು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತರು. ಕೈಚಾಚಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಸದ್ದು ತಾನಾಗಿಯೇ ನಿಂತಿತು.

"ಈಗ ತೆಗೀರಿ," ಎಂದಳು ಮಗಳು.

ಗಂಟೆಯಕ್ಕ ತೆಗೆದಳು. ಚಂದಾದಾರರಾದ ಪ್ರತಿಯೊಬ್ಬರಿಗೂ ಬಿಡಿಸಿಕೊಳ್ಳುವ ಫಂಕ್ಷನ್ ಒಂದು ಜೊತೆಗೇ ಸಿಗುವಂತೆಯೂ, ರೋಗಿ ಹಾಸಿಗೆ ಬಿಟ್ಟೊಡನೆ ಅದು ನಡೆಯುವಂತೆಯೂ ಮಾಡಿದಳು. ಮತ್ತೆ ಮತ್ತೆ ಪರೀಕ್ಷಿಸಿದಳು. ಎಲ್ಲೂ ಲೋಪವಿರಲಿಲ್ಲ.

ಕೆಲವು ದಿನಗಳ ನಂತರ ಮಗಳ ಫೋನ್ ಬಂತು.

"ಅಕ್ಕಾ, ನಿಜವಾಗ್ಲೂ ತೆಗೆದ್ರಿ ತಾನೇ?"

ಗಂಟೆಯಕ್ಕ ಆ ಹಾಸಿಗೆಯ ಚಂದಾದಾರರನ್ನು ಪರದೆಯ ಮೇಲೆ ತೆರೆದು ನೋಡಿದಳು. ನರ್ಸುಗಳ ಪರದೆ, ಬಾಗಿಲ ದೀಪ. ಬೇರೆ ಯಾರೂ ಇರಲಿಲ್ಲ. ಅಜ್ಜಿಯ ಕಡೆಯವರೂ ಇರಲಿಲ್ಲ.

"ತೆಗೆದಿದೀನಮ್ಮ. ಯಾಕೆ, ಮತ್ತೆ ಬಂತಾ?"

"ಏನೂ ಬಂದಿಲ್ಲ. ಆದ್ರೂ ಪಾತ್ರೆ ತೊಳೀವಾಗ, ಬಸ್ಸಲ್ಲಿ ಕೂತಾಗ, ಫೋನ್ ನಡುಗಿದ ಹಾಗಾಗುತ್ತೆ. ತೆಗೆದು ನೋಡಿದ್ರೆ ಏನೂ ಇರಲ್ಲ."

ಗಂಟೆಯಕ್ಕ ಪರದೆಯ ಮೇಲಿನ ಪಟ್ಟಿಯನ್ನು ಮುಚ್ಚಿದಳು.

"ನಂಗೂ ಹಾಗೇ ಆಗ್ತಿದೆ," ಎಂದಳು.