ಹೂಮಳೆಗೆ ಮುಂಚಿನ ಗೊಬ್ಬರ

ಭಾನುವಾರ ಬೆಳಗಿನ ಆರು ಗಂಟೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಇಬ್ಬನಿಗೆ ನೆಲ ಮೆತ್ತಗಾಗಿದೆ. ಗಿಡ್ಡಪ್ಪ ಕುಕ್ಕರಗಾಲಲ್ಲಿ ಕೂತು ತೂಕದ ಯಂತ್ರದ ಕಾಲುಗಳ ಕೆಳಗೆ ಮರದ ಚಕ್ಕೆ ತುರುಕುತ್ತಿದ್ದಾರೆ. ಸಮವಾಯಿತು ಅನ್ನಿಸಿದ ಮೇಲೆ ಮೊದಲು ತಾವೇ ಹತ್ತಿ ನಿಲ್ಲುತ್ತಾರೆ. ಮುಳ್ಳು ಐವತ್ತೊಂದರಲ್ಲಿ ನಿಲ್ಲುತ್ತದೆ.

“ಇಪ್ಪತ್ತು ವರ್ಷದಿಂದ ಇಷ್ಟೇ. ನನ್ ತೂಕ ಏರಿದ್ರೆ ಮಷಿನ್ನಿಗೆ ಹುಷಾರಿಲ್ಲ ಅಂತ ಲೆಕ್ಕ,” ಎನ್ನುತ್ತಾರೆ.

ಹಗ್ಗಜಗ್ಗಾಟದ ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ. ಖಾಲಿ ಹೊಟ್ಟೆ, ಬರಿಗಾಲು. ಗಿಡ್ಡಪ್ಪ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಹುಡುಗನ ಮುಂದೆ ಕೂತು, ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು, ಬಿಟ್ಟು ನೋಡುತ್ತಾರೆ. ಒತ್ತಿದ ಜಾಗ ಹಾಗೇ ಗುಳಿಬಿದ್ದು ನಿಂತರೆ ಮೈಯಲ್ಲಿ ನೀರು ತುಂಬಿದೆ ಎಂದು ಅರ್ಥ.

“ಗಿಡ್ಡಣ್ಣ, ಹಲಸಿನ ಹಣ್ಣು ನೋಡಿದಂಗೆ ನೋಡ್ತೀಯಲ್ಲ ಮಾರಾಯ,” ಎಂದು ಒಬ್ಬ ನಗುತ್ತಾನೆ.

“ಹಲಸಿನ ಹಣ್ಣಾದ್ರೆ ವಾಸ್ನೆಲೇ ಗೊತ್ತಾಗ್ತದೆ. ನೀವು ಬಾಯೇ ಬಿಡಲ್ವಲ್ಲ.”

ಗಿಡ್ಡಪ್ಪನಿಗೆ ಅರವತ್ತೆರಡು ವರ್ಷ. ಮೂವತ್ತೊಂದು ವರ್ಷ ಇಲ್ಲಿನ ಎಸ್ಟೇಟೊಂದರಲ್ಲಿ ಕಾಫಿಹಣ್ಣಿನ ಚೀಲ ತೂಗಿದವರು. ಎಸ್ಟೇಟಿಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಇವರಿಗೇ ಕೊಟ್ಟರು. ಈಗ ಗೋಣಿಬೀಡಿನಿಂದ ಕಳಸದವರೆಗೆ ಎಲ್ಲಿ ಹಗ್ಗಜಗ್ಗಾಟದ ಪಂದ್ಯವಿದ್ದರೂ ತಂಡಗಳ ತೂಕ ನೋಡುವವರು ಇವರೇ. ಕೊಯ್ಲು ಮುಗಿದು ಮಳೆಗಾಲ ಹಿಡಿಯುವವರೆಗೆ ಪಂದ್ಯಗಳು. ಏಳು ತಂಡ, ಐವತ್ತಾರು ಯುವಕರು, ಹದಿನೈದು ದಿನಕ್ಕೊಮ್ಮೆ ತೂಕ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ.

ಈ ಆಟದಲ್ಲಿ ಎಂಟು ಜನರ ಒಟ್ಟು ತೂಕಕ್ಕೆ ಮಿತಿ ಇದೆ. ಐನೂರ ಅರವತ್ತು ಕೆ.ಜಿ. ಮಿತಿಯ ಪಂದ್ಯಕ್ಕೆ ಐನೂರ ಇಪ್ಪತ್ತರ ತಂಡ ಬಂದರೆ ಎದುರಿನವರು ಎಳೆದು ಹಾಕುತ್ತಾರೆ. ಹಾಗಾಗಿ ಎಲ್ಲರಿಗೂ ಮಿತಿಯ ಹತ್ತಿರ ತೂಕ ತುಂಬಿಸುವ ಅವಸರ. ಅನ್ನ, ಮೊಟ್ಟೆ, ಅಭ್ಯಾಸ ಎಂದು ಹೋದರೆ ತಿಂಗಳಿಗೆ ಒಂದು ಕೆ.ಜಿ. ಏರಿದರೆ ಹೆಚ್ಚು. ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಗುಳಿಗೆಗಳು ಮೂರು ವಾರದಲ್ಲೇ ಐದು ಕೆ.ಜಿ. ಏರಿಸುತ್ತವೆ. ಅವು ಸ್ಟೀರಾಯ್ಡ್ ಗುಳಿಗೆಗಳು. ಹುಡುಗರ ಬಾಯಲ್ಲಿ ಅದಕ್ಕೆ ‘ಗೊಬ್ಬರ’ ಎಂದು ಹೆಸರು.

“ಎಸ್ಟೇಟಲ್ಲಿ ಕೆಲವರು ಹಣ್ಣಿನ ಚೀಲಕ್ಕೆ ನೀರು ಚಿಮುಕಿಸಿ ತರೋರು, ತೂಕ ಬರ್ಲಿ ಅಂತ. ಕೈ ಹಾಕಿದ್ರೆ ನಂಗೆ ಗೊತ್ತಾಗೋದು. ಇದೂ ಅಂಥದ್ದೇ ನೀರಿನ ತೂಕ,” ಎನ್ನುವ ಗಿಡ್ಡಪ್ಪ, ತುಸು ತಡೆದು ಸೇರಿಸುತ್ತಾರೆ: “ಚೀಲದ್ದು ಗೊತ್ತಾಯ್ತು. ಮನೇದು ಗೊತ್ತಾಗ್ಲಿಲ್ಲ.”

ಮನೆಯದು ಎಂದರೆ ಮಗ ದೇವೇಂದ್ರನ ವಿಷಯ. ಏಳು ವರ್ಷದ ಹಿಂದೆ ಅವನಿಗೆ ಇಪ್ಪತ್ತೆರಡು. ತಂಡದ ಕೊನೆಯಾಳು, ಹಗ್ಗವನ್ನು ಮೈಗೆ ಸುತ್ತಿಕೊಂಡು ನೆಲ ಕಚ್ಚಿ ನಿಲ್ಲುವವನು. ಫೆಬ್ರವರಿಯ ಒಂದು ಬೆಳಿಗ್ಗೆ, “ಅಪ್ಪಾ, ಗೊಬ್ಬರ ತರೋಕೆ ಪೇಟೆಗೆ ಹೋಗ್ಬರ್ತೀನಿ,” ಎಂದು ಹೇಳಿಯೇ ಹೊರಟ. ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ. ಗೆಳೆಯರ ಜೊತೆ ಆಡಿ ಆಡಿ ಆ ಪದವೇ ನಾಲಿಗೆಗೆ ಬಂದಿತ್ತು. ಅಪ್ಪ ಅದನ್ನು ಎಸ್ಟೇಟಿನ ಗೊಬ್ಬರ ಎಂದುಕೊಂಡರು. ಚೀಲ ಜೀಪಿನಲ್ಲಿ ಹಾಕಿಸಿಕೊ, ಹೊತ್ತುಕೊಂಡು ಬರಬೇಡ, ಸೊಂಟ ಹಿಡಿದೀತು ಎಂದು ಬುದ್ಧಿಯನ್ನೂ ಹೇಳಿದರು.

“ಹೂಮಳೆ ಬರೋ ಮುಂಚೆ ಯಾರಾದ್ರೂ ಕಾಫಿಗೆ ಗೊಬ್ಬರ ಹಾಕ್ತಾರಾ? ಮಾರ್ಚಲ್ಲಿ ಮಳೆ ಬಿದ್ದು, ಹೂ ಬಿಟ್ಟ ಮೇಲಲ್ವಾ ಹಾಕೋದು? ಮೂವತ್ತು ವರ್ಷ ಎಸ್ಟೇಟಲ್ಲಿ ಸವೆದೋನು ನಾನು. ಅಷ್ಟೂ ಹೊಳೀಲಿಲ್ಲ. ಈ ಊರಲ್ಲಿ ಚಿಕ್ಕ ಮಕ್ಳಿಗೂ ಗೊತ್ತಿರ್ತದೆ ಅದು.”

ಆ ತಿಂಗಳು ಮಗ ಆರು ಕೆ.ಜಿ. ಏರಿದ. ಅದನ್ನು ತೂಗಿದವರೂ ಗಿಡ್ಡಪ್ಪನೇ, ಅಂಗಡಿ ಮುಂದೆ ನಿಂತು ಹೇಳಿಕೊಂಡವರೂ ಅವರೇ.

ಮುಂದಿನದನ್ನು ದೇವೇಂದ್ರ ಕಳಸದಿಂದ ಫೋನಿನಲ್ಲಿ ಹೇಳುತ್ತಾನೆ. “ಎರಡು ಸೀಸನ್ ತಗೊಂಡೆ. ಆಮೇಲೆ ತೊಡೆಸಂದಿಲಿ ನೋವು ಶುರುವಾಯ್ತು. ಉಳುಕಿರ್ಬೇಕು ಅಂತ ಎಣ್ಣೆ ತಿಕ್ದೆ. ಎಕ್ಸರೇ ತೆಗ್ದಾಗ ಸೊಂಟದ ಕೀಲಿಗೆ ರಕ್ತ ಹೋಗ್ದೆ ಮೂಳೆ ಕುಸಿದಿದೆ ಅಂದ್ರು. ಎರಡೂ ಕಡೆ.” ಈಗ ಅವನು ಕೋಲು ಹಿಡಿದು ನಡೆಯುತ್ತಾನೆ. ಕಳಸದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಕೂತು ಕಾಳುಮೆಣಸು ಹಸನು ಮಾಡುತ್ತಾನೆ.

ತೂಕದ ಜೊತೆಗೆ ಹುಡುಗರನ್ನು ಎಚ್ಚರಿಸುವ ಗಿಡ್ಡಪ್ಪನ ಕೆಲಸ ಶುರುವಾದದ್ದು ಅಲ್ಲಿಂದ. ಮಗನ ಎಕ್ಸರೇ ಕವರನ್ನು ಕಂಕುಳಲ್ಲಿಟ್ಟುಕೊಂಡು ಅವರು ಮೈದಾನದಿಂದ ಮೈದಾನಕ್ಕೆ ಹೋದರು. ಬಿಸಿಲಿಗೆ ಹಿಡಿದು ತೋರಿಸಿದರು. ಹುಡುಗರು ಹೆದರಿದರು. ಕೆಲವರು ಗುಳಿಗೆ ಬಿಟ್ಟದ್ದೂ ಉಂಟು. ಎರಡು ವರ್ಷ ಹೀಗೆ ನಡೆಯಿತು.

“ನಂಗೆ ಹೆಣ್ಣು ನೋಡೋಕೆ ಹೋಗೋದಿತ್ತು,” ಎನ್ನುತ್ತಾನೆ ದೇವೇಂದ್ರ. “ನಾನು ಹೋಗೋ ಮುಂಚೆ ಆ ಊರಿಗೆ ನನ್ನ ಎಕ್ಸರೇ ಹೋಗಿತ್ತು.” ಫೋನಿನಲ್ಲಿ ನಗು ಕೇಳಿಸುತ್ತದೆ.

ಸಂಬಂಧ ಮುರಿಯಿತು. ಇನ್ನು ಎಲ್ಲಿಯೂ ನನ್ನ ಕಥೆ ಹೇಳಕೂಡದು ಎಂದು ಅಪ್ಪನಿಂದ ಮಾತು ತೆಗೆದುಕೊಂಡು ಮಗ ಕಳಸಕ್ಕೆ ಹೋದ. ಮೂರು ವರ್ಷವಾಯಿತು. ಅವನು ಬಂದಿಲ್ಲ, ಗಿಡ್ಡಪ್ಪ ಹೋಗಿಲ್ಲ. ಕೊಟ್ಟ ಮಾತನ್ನಂತೂ ಮುರಿದಿಲ್ಲ. ಮಗನ ಹೆಸರು ಬರುವ ಜಾಗದಲ್ಲಿ ಈಗ ಹೆಬ್ಬೆರಳಿದೆ, ನೋಟ್‌ಬುಕ್ಕಿದೆ. ಈ ಸೀಸನ್ನಿನಲ್ಲಿ ಹನ್ನೊಂದು ಜನ ಹುಡುಗರ ಕಾಲಿನಲ್ಲಿ ಗುಳಿ ನಿಂತಿದೆ. ಗುಳಿಗೆ ಬಿಸಾಕು ಎಂದು ಗಿಡ್ಡಪ್ಪ ಯಾರಿಗೂ ಹೇಳುವುದಿಲ್ಲ. ದಿನಾ ನುಂಗಿದವರು ತಟ್ಟನೆ ನಿಲ್ಲಿಸಿದರೆ ಬಿ.ಪಿ. ಕುಸಿದು ಜೀವಕ್ಕೇ ಅಪಾಯ, ಡಾಕ್ಟರ್ ನೋಡಿಯೇ ಇಳಿಸಬೇಕು ಎಂದು ಆರೋಗ್ಯ ಕೇಂದ್ರದ ನರ್ಸ್ ಪ್ರೇಮಕುಮಾರಿ ತಿಳಿಸಿದ್ದಾರೆ. ಎಂಟು ಜನ ಅವರ ಹತ್ತಿರ ಹೋಗಿದ್ದಾರೆ. ಇಬ್ಬರು ಬೇರೆ ತಂಡಕ್ಕೆ ಹೋದರು. ದಾರಿಯಲ್ಲಿ ಸಿಕ್ಕಿದರೂ ಗಿಡ್ಡಪ್ಪನನ್ನು ಮಾತಾಡಿಸುವುದಿಲ್ಲ.

ಹನ್ನೊಂದನೆಯವನು ಪ್ರಸಾದ್, ಗೋಣಿಬೀಡಿನವನು. ಇಪ್ಪತ್ತು ವರ್ಷ. ಕಳೆ ಹೊಡೆಯುವ ಮಷಿನ್ ಹೆಗಲಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಕೆಲಸ. ಅವನೂ ಕೊನೆಯಾಳು. ಈ ಭಾನುವಾರದ ತೂಕದಲ್ಲಿ ಐದು ಕೆ.ಜಿ. ಏರಿದ್ದಾನೆ. ಕೆನ್ನೆ ದುಂಡಗಾಗಿ ಕಣ್ಣು ಸಣ್ಣಗಾಗಿವೆ. ಗಿಡ್ಡಪ್ಪ ಒತ್ತಿದ ಬೆರಳು ತೆಗೆಯುತ್ತಾರೆ. ಗುಳಿ ಹಾಗೇ ಇದೆ.

“ಡಾಕ್ಟ್ರ ಚೀಟಿ ತಗೊಂಡು ಬಾ. ಅಲ್ಲಿವರೆಗೆ ನಿನ್ ತೂಕ ನಾನು ಬರಿಯಲ್ಲ.”

ತೂಕ ಬರೆಯದಿದ್ದರೆ ಮುಂದಿನ ವಾರದ ಪಂದ್ಯಕ್ಕೆ ಅವನಿಲ್ಲ. ಪಂದ್ಯದ ಸಮಿತಿಯ ಜಯದೇವಪ್ಪನವರು ಕಾಫಿ ಲೋಟ ಹಿಡಿದುಕೊಂಡೇ ಬರುತ್ತಾರೆ. “ಏನ್ ಗಿಡ್ಡಪ್ಪ, ತೂಕ ನೋಡೋಕೆ ಬಂದಿದೀಯೋ, ಹುಡುಗ್ರ ಜಾತಕ ನೋಡೋಕೆ ಬಂದಿದೀಯೋ? ಇವತ್ತಿನ ಕಾಲದಲ್ಲಿ ಡಿಜಿಟಲ್ ಮಷಿನ್ ಎಲ್ಲಾದ್ರೂ ಸಿಗ್ತದೆ, ತಿಳ್ಕೋ.”

“ಸಿಗ್ತದೆ ಅಯ್ಯಾ. ತರ್ಸಿ.”

ಪ್ರಸಾದನಿಗೆ ಸಿಟ್ಟು. “ನಿನ್ ಮಗ ಬಿದ್ದ ಅಂತ ಎಲ್ರೂ ಬೀಳ್ಬೇಕಾ? ಅದೇ ಕಥೆ ಅಲ್ವಾ ನಿಂದು? ಹೇಳು, ಹೇಳಿಬಿಡು. ಎಲ್ರೂ ಕೇಳ್ಲಿ.”

ಹೇಳಿದರೆ ಈ ಹುಡುಗ ಹೆದರಬಹುದು ಎಂದು ಗಿಡ್ಡಪ್ಪನಿಗೆ ಗೊತ್ತು. ಎಷ್ಟೋ ಮೈದಾನದಲ್ಲಿ ಕಂಡಿದ್ದಾರೆ. ಅವರು ಯಂತ್ರದ ಕೆಳಗಿನ ಚಕ್ಕೆಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ.

“ಅದು ನಾನು ಹೇಳೋ ಕಥೆ ಅಲ್ಲ ಮಾರಾಯ. ಅವಂದು. ಕಳಸಕ್ಕೆ ಬಸ್ ಉಂಟಲ್ಲ, ಹೋಗಿ ಅವನ್ನೇ ಕೇಳು. ಕೇಳಿದ್ಮೇಲೂ ಎಳೀತೀನಿ ಅಂದ್ರೆ ಎಳಿ. ಬೇರೆಯವ್ರು ತೂಗ್ತಾರೆ.”

ನೋಟ್‌ಬುಕ್ಕಿನ ಹಾಳೆ ಹರಿದು, ತಾವೇ ಒಮ್ಮೆಯೂ ಹೋಗದ ಗೋದಾಮಿನ ಗುರುತು ಬರೆದುಕೊಡುತ್ತಾರೆ. ಪ್ರಸಾದ್ ಅದನ್ನು ಮುದುರಿ ಕೈಯಲ್ಲಿಟ್ಟುಕೊಂಡು ಹೋಗುತ್ತಾನೆ.

ಸೋಮವಾರ ಸುದ್ದಿಯಿಲ್ಲ. ಮಂಗಳವಾರವೂ ಇಲ್ಲ. ಸಮಿತಿಯವರು ಮೂಡಿಗೆರೆಯಿಂದ ಹೊಸ ಯಂತ್ರ ತರಿಸುತ್ತಿದ್ದಾರೆಂದು ಮಾತು. ಬುಧವಾರ ಪ್ರಸಾದ್ ಫೋನ್ ಮಾಡಿ, ಕಳಸಕ್ಕೆ ಬಂದಿದ್ದೇನೆ, ಸಂಜೆಯ ಬಸ್ಸಿಗೆ ವಾಪಸ್ ಎಂದಷ್ಟೇ ಹೇಳಿ ಇಟ್ಟುಬಿಡುತ್ತಾನೆ. ಗಿಡ್ಡಪ್ಪ ಮೂರು ಗಂಟೆಗೇ ಬಂದು ಕೊಟ್ಟಿಗೆಹಾರದ ಹೋಟೆಲ್ ಮುಂದಿನ ಬೆಂಚಿನ ಮೇಲೆ ಕೂರುತ್ತಾರೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇದೆ.

ಈ ಲೇಖನಕ್ಕೆ ಹೆಸರು ಬಳಸಬಹುದೇ ಎಂದು ಕೇಳಿದಾಗ ದೇವೇಂದ್ರ ಹೇಳಿದ್ದು: “ಹಾಕಿ. ಅಪ್ಪ ಹೇಳಿದ್ದು ಅಂತ ಬೇಡ. ನಾನೇ ಹೇಳ್ದೆ ಅಂತ ಹಾಕಿ.”

ಬಸ್ಸು ಬರುತ್ತದೆ. ಪ್ರಸಾದ್ ಹಿಂದಿನ ಬಾಗಿಲಿನಿಂದ ಇಳಿದು ನೇರ ಬೆಂಚಿನ ಹತ್ತಿರ ಬರುತ್ತಾನೆ. “ನಾಳೆ ಮೂಡಿಗೆರೆ ಆಸ್ಪತ್ರೆಗೆ ಹೋಗ್ತೀನಿ. ಗುಳಿಗೆ ಪೊಟ್ಟಣನೂ ತಗೊಂಡು ಹೋಗ್ತೀನಿ, ತೋರ್ಸೋಕೆ. ಪ್ರೇಮಕ್ಕ ಜೊತೆಗೆ ಬರ್ತಾರಂತಾ?”

“ಬರ್ತಾರೆ. ಹೇಳಿಟ್ಟಿದೀನಿ.”

“ಈ ಸಲ ಎಳೆಯೋಕೆ ಆಗಲ್ಲ ಅಲ್ವಾ?”

“ಆಗಲ್ಲ.”

ಪ್ರಸಾದ್ ತಲೆ ತಗ್ಗಿಸಿ ನಿಲ್ಲುತ್ತಾನೆ. ಕಳಸದಲ್ಲಿ ಏನು ಮಾತಾಯಿತೆಂದು ಅವನು ಹೇಳುವುದಿಲ್ಲ, ಗಿಡ್ಡಪ್ಪ ಕೇಳುವುದೂ ಇಲ್ಲ. “ನಿಂಗೆ ಅಂತ ಎಂತದೂ ಹೇಳಿ ಕಳ್ಸ್ಲಿಲ್ಲ ಗಿಡ್ಡಣ್ಣ,” ಎಂದು ಕೊನೆಗೆ ಅವನೇ ಹೇಳುತ್ತಾನೆ.

ಗಿಡ್ಡಪ್ಪ ತಲೆಯಾಡಿಸುತ್ತಾರೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾರೆ.

“ಊಟ?”

“ದೇವಣ್ಣನೇ ಮಾಡ್ಸಿದ. ಬೇಡ ಅಂದ್ರೂ ಬಿಡ್ಲಿಲ್ಲ. ಕೋಲು ಗೋಡೆಗೆ ಒರಗ್ಸಿಟ್ಟು, ನಿಂತ್ಕೊಂಡೇ ಬಡ್ಸಿದ.”

“ಅವ್ನು ಹಂಗೇ,” ಎನ್ನುತ್ತಾರೆ ಗಿಡ್ಡಪ್ಪ. “ಬಂದವ್ರನ್ನ ಹಸಿದ ಹೊಟ್ಟೇಲಿ ಕಳ್ಸಿದ್ದಿಲ್ಲ ಯಾವತ್ತೂ.”