ಮೇಜಿನ ಅಡಿಯ ಗುರುತು

ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆಗೂ ಒಂದು ಸಣ್ಣ ಜಗಳ ಇದ್ದೇ ಇರುತ್ತಿತ್ತು. ಶ್ಯಾವಿಗೆ ಮಷೀನನ್ನು ಮೇಜಿನ ಅಂಚಿಗೆ ಕೂರಿಸಿ ಅಡಿಯಿಂದ ತಿರುಪು ಬಿಗಿಯುವಾಗ, ತಿರುಪಿಗೂ ಕಟ್ಟಿಗೆಗೂ ನಡುವೆ ಮಡಿಸಿದ ಬಟ್ಟೆ ಇಡಬೇಕೆಂಬುದು ನನ್ನ ಹಟ. ಬಟ್ಟೆ ಇಟ್ಟರೆ ಮಷೀನು ಜಾರುತ್ತದೆಂಬುದು ಹೆಂಡತಿ ಶಾಂತಾಳ ದೂರು. ನಾನೋ, ಗೀರು ಬಿದ್ದ ಕಟ್ಟಿಗೆ ಕಂಡರೂ ಕೆಂಪು ಶಾಯಿಯಿಂದ ತಪ್ಪು ಹಾಕಬೇಕೆನ್ನಿಸುವ ಹಿಂದಿ ಮಾಸ್ತರ. ಹೊಸದು ಹೊಸದಾಗಿಯೇ ಉಳಿಯಬೇಕು ಎಂಬುದರ ಆಚೆಗೆ ನನ್ನ ಸೌಂದರ್ಯಪ್ರಜ್ಞೆ ಹೋಗಿರಲಿಲ್ಲ.

ಎರಡು ಸಾವಿರದ ಆಸುಪಾಸಿನಲ್ಲಿ, ಹಳಿಯಾಳದ ನಮ್ಮ ಓಣಿಯ ಬಡಿಗ ಮೌನೇಶಪ್ಪನವರಿಗೆ ಗೋವೆಯಿಂದ ಒಂದು ಕೆಲಸ ಬಂತು. ಅಲ್ಲಿ ತೆರೆಯಲಿದ್ದ ಇಟಾಲಿಯನ್ ಹೋಟೆಲಿಗೆ ಆರು ಸಾಗವಾನಿ ಮೇಜು ಬೇಕಿತ್ತು. ಹೋಟೆಲಿನ ಒಳಗಿನ ಅಲಂಕಾರ ವಹಿಸಿಕೊಂಡಿದ್ದ ಮುಂಬೈಯ ಹೆಂಗಸು, ನಮಗೆಲ್ಲ ‘ಬಾಯಿಯವರು’, ಬಂದು, ಹಿಂದಿ ಬಲ್ಲವನೆಂದು ನನ್ನನ್ನು ನಡುವೆ ಕೂರಿಸಿಕೊಂಡು ವಿವರಿಸಿದರು: ಹೋಟೆಲು ಐವತ್ತು ವರ್ಷದ ಹಿಂದಿನ ಇಟಲಿಯ ಹಳ್ಳಿಯೊಂದರ ಊಟದ ಮನೆಯಂತೆ ಕಾಣಬೇಕು, ಆದ್ದರಿಂದ ಹೊಸ ಮೇಜುಗಳನ್ನು ಸೈಕಲ್ ಚೈನಿನಿಂದ ಹೊಡೆದು, ಮೊಳೆಯಿಂದ ಚುಚ್ಚಿ ಹಳತು ಮಾಡಿ ಕೊಡಬೇಕು. ಹಳತಾಗಿ ಕಾಣದಿದ್ದರೆ ಆರೂ ವಾಪಸ್ಸು. ಇದನ್ನು ಕನ್ನಡಕ್ಕೆ ತರುವಾಗ ನನ್ನ ನಾಲಿಗೆಯೇ ತಡವರಿಸಿತು.

ಮೌನೇಶಪ್ಪ ಮೇಜುಗಳನ್ನು ಮಾಡಿದರು. ಕೈಯಾಡಿಸಿದರೆ ಜೋಡಣೆ ಎಲ್ಲಿದೆಯೆಂದು ಬೆರಳಿಗೂ ತಿಳಿಯದಂಥವು. ಆಮೇಲೆ ಚೈನನ್ನೂ ಎತ್ತಿದರು. ಎತ್ತಿದ ಕೈ ಕೆಳಗಿಳಿಯಲಿಲ್ಲ.

“ಮಾಸ್ತರ್ರ, ಮಗಾ ಲಗೂನ ಮುದುಕ ಆಗ್ಲಿ ಅಂತ ಯಾರರೆ ಅವಂಗ ಹೊಡೀತಾರೇನ್ರಿ? ವಯಸ್ಸು ಬರಬೇಕಂದ್ರ ಬಾಳ್ವಿ ಮಾಡಬೇಕು” ಎಂದರು.

ಬೇಸಿಗೆ ಆಗಷ್ಟೇ ಶುರುವಾಗಿತ್ತು; ಮೇಜು ಒಪ್ಪಿಸಲು ದೀಪಾವಳಿಯವರೆಗೆ ಸಮಯವಿತ್ತು. ಓಣಿಯ ಆರು ಮನೆಗಳಿಗೆ ಒಂದೊಂದು ಮೇಜು ಹಂಚಿದರು. “ಮನೀದು ಅಂತ ತಿಳದು ಬಳಸ್ರಿ. ಬೇಕಂತ ಮಾತ್ರ ಗೀರಬ್ಯಾಡ್ರಿ” ಎಂಬುದೊಂದೇ ಅವರ ಕರಾರು. ಆದರೆ ನಮ್ಮ ಜನ ಹೇಗೆಂದು ನಿಮಗೆ ಗೊತ್ತಲ್ಲ. ಇನ್ನೊಬ್ಬರ ಸಾಮಾನೆಂದು ಆರೂ ಮನೆಯವರು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ, ದೂರದಲ್ಲಿ ಚಾಪೆಯ ಮೇಲೆ ಕೂತು ಉಂಡರು. ಮೌನೇಶಪ್ಪ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಕಿತ್ತು, ಚಹಾ ಚೆಲ್ಲಿರೆಂದು ಕೈಮುಗಿಯಬೇಕಾಯಿತು.

ನಿಧಾನವಾಗಿ ಬಾಳ್ವೆ ಶುರುವಾಯಿತು. ಒಂದು ಮನೆಯಲ್ಲಿ ಇಸ್ತ್ರಿಯ ಕಂದು ಕಲೆ, ಇನ್ನೊಂದರಲ್ಲಿ ಮಗ್ಗಿ ಬರೆದ ಪೆನ್ಸಿಲಿನ ಒತ್ತು. ನಮ್ಮಲ್ಲಿ, ನಾನು ಶಾಲೆಗೆ ಹೋದ ಹೊತ್ತು ನೋಡಿ, ಶಾಂತಾ ಬಟ್ಟೆಯಿಲ್ಲದೆ ಶ್ಯಾವಿಗೆ ಮಷೀನು ಬಿಗಿದುಬಿಟ್ಟಿದ್ದಳು. ಮೇಜಿನ ಅಡಿಯಲ್ಲಿ ಗುಂಡಗಿನ ಆಳವಾದ ತಗ್ಗು. ನಾನು ಹೋಗಿ ತಪ್ಪೊಪ್ಪಿಕೊಂಡೆ. ಮೌನೇಶಪ್ಪ ಬಗ್ಗಿ ನೋಡಿ, “ಶ್ಯಾವಿಗಿ ಚೊಲೊ ಆಗ್ಯಾವೇನ್ರಿ?” ಎಂದಷ್ಟೇ ಕೇಳಿದರು.

ದೀಪಾವಳಿಗೆ ಮೊದಲು ಟೆಂಪೊದಲ್ಲಿ ಮೇಜುಗಳನ್ನು ಹೇರಿಕೊಂಡು, ನಮ್ಮ ಕಡೆಯ ರಾಮನಗರ ದಾಟಿ, ಅನಮೋಡ ಘಟ್ಟ ಇಳಿದು ಗೋವೆ ಸೇರಿದೆವು. ದಾರಿಯುದ್ದಕ್ಕೂ ಮೌನೇಶಪ್ಪ ಹೊರಳಿ ಹೊರಳಿ ಹಿಂದೆ ನೋಡುತ್ತಿದ್ದರು. ಆರು ತಿಂಗಳ ದುಡಿಮೆ, ಮೂವತ್ತು ವರ್ಷದ ಹೆಸರು ಎರಡೂ ಹಿಂದೆ ಹಗ್ಗದಲ್ಲಿ ಬಿಗಿದು ಕೂತಿದ್ದವು.

ಹೋಟೆಲಿನೊಳಗೆ ಕಾಲಿಟ್ಟಾಗ ನನ್ನನ್ನು ಹಿಡಿದದ್ದು ಒಂದು ವಿಚಿತ್ರ ಬೆರಗು. ಹೊಸ ಗೋಡೆಗೆ ಗಾರೆ ಉದುರಿದಂತೆ ಬಣ್ಣ. ತಂತಿಯಿಲ್ಲದ ಡಯಲ್ ಫೋನು. ಹಾಡದ ದೊಡ್ಡ ರೇಡಿಯೊ. ಯಾರ ಮನೆಯವರೋ ಗೊತ್ತಿಲ್ಲದ ಅಜ್ಜ ಅಜ್ಜಿಯರ ಕಪ್ಪು ಬಿಳುಪು ಫೋಟೊಗಳು. ಕಳೆದುಹೋದ ಕಾಲಕ್ಕಾಗಿ ಮನುಷ್ಯ ಇಷ್ಟೊಂದು ಹಂಬಲಿಸುತ್ತಾನೆಯೇ, ನಮ್ಮದಲ್ಲದ ನೆನಪನ್ನಾದರೂ ಗೋಡೆಗೆ ತೂಗುಹಾಕಿಕೊಳ್ಳಲು ಬಯಸುವಷ್ಟು? ನಗಬೇಕೆಂದುಕೊಂಡವನಿಗೆ ನಗು ಬರಲಿಲ್ಲ.

ಬಾಯಿಯವರು ಮೇಜುಗಳನ್ನು ಸುತ್ತಿ ನೋಡಿ ಮುಖ ಸಣ್ಣ ಮಾಡಿದರು. ಇವು ಹಳೆಯವುಗಳಂತೆ ಕಾಣುವುದಿಲ್ಲ, ಬರೀ ಬಳಸಿದಂತೆ ಕಾಣುತ್ತವೆ ಎಂದರು. ಇದನ್ನು ಕನ್ನಡಕ್ಕೆ ತರಲು ನನ್ನಿಂದಾಗಲಿಲ್ಲ; ಮೌನೇಶಪ್ಪನವರಿಗೆ ಅದರ ಅಗತ್ಯವೂ ಇರಲಿಲ್ಲ. ಮೇಜುಗಳನ್ನು ವಾಪಸ್ಸು ಒಯ್ಯಲು ಅವರು ಹಗ್ಗ ಸುತ್ತತೊಡಗಿದರು.

ಅಷ್ಟರಲ್ಲಿ ಒಳಗಿನಿಂದ ಅಲ್ಲಿಯ ಅಡುಗೆಯವನು ಬಂದ. ಇಟಲಿಯಿಂದಲೇ ಬಂದಿದ್ದ ಮುದುಕ, ಮೊಣಕೈವರೆಗೂ ಹಿಟ್ಟು. ನಮ್ಮ ಮನೆಯಲ್ಲಿದ್ದ ಮೇಜಿನ ಅಂಚಿಗೆ ಕೈಯಿಟ್ಟು, ಬೆರಳುಗಳನ್ನು ಅಡಿಗೆ ಜಾರಿಸಿದ. ಕೈ ಅಲ್ಲೇ ನಿಂತಿತು. ಮಂಡಿಯೂರಿ ಕೂತು ಕೆಳಗೆ ಇಣುಕಿದ. ಶಾಂತಾಳ ತಿರುಪು ಸಿಕ್ಕಿಬಿದ್ದಿತ್ತು.

ಮುದುಕ ಎದ್ದು ಮೌನೇಶಪ್ಪನವರನ್ನೇ ನೋಡುತ್ತ, ಗಾಳಿಯಲ್ಲಿ ಹಿಡಿಕೆ ತಿರುಗಿಸುವಂತೆ ಕೈ ತಿರುಗಿಸಿದ. ಮೌನೇಶಪ್ಪ ಹಗ್ಗ ಬಿಟ್ಟು, ತಾವೂ ತಿರುಗಿಸಿ ತೋರಿಸಿದರು. ಅವನು ಓಡಿ ಹೋಗಿ ತನ್ನ ಮಷೀನು ತಂದ. ತಿರುಪಿನದು, ನಮ್ಮದರಂಥದೇ, ಉದ್ದುದ್ದ ಹಿಟ್ಟಿನ ಎಳೆ ತೆಗೆಯುವುದು. ಅಂಚಿಗೆ ಕೂರಿಸಿ ಬಿಗಿದ. ಹಳಿಯಾಳದ ತಗ್ಗಿನಲ್ಲಿ ಇಟಲಿಯ ತಿರುಪು ತನ್ನ ಜಾಗಕ್ಕೆ ಬಂದಂತೆ ಕೂತಿತು. ಅವನು ಏನೋ ಅಂದ. ಬಾಯಿಯವರು ಕೇಳಿ, ಮೆಲ್ಲಗೆ ನನಗೆ ಹೇಳಿದರು: ಅವನ ತಾಯಿಯ ಮೇಜಿನ ಅಡಿಯಲ್ಲೂ ಇಂಥದೇ ಗುರುತಿದೆಯಂತೆ. ಆರೂ ಮೇಜು ಅಲ್ಲೇ ಉಳಿದವು.

ಸುಳ್ಳು ಹಳೆತನ ಮೇಜಿನ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಅಡಿಗೆ ಹೋಗುವುದು ಬಾಳ್ವೆಯೊಂದೇ. ಕಡಲಾಚೆಯ ಕಾಣದ ತಾಯಿಯೊಬ್ಬಳು ಮತ್ತು ನನ್ನ ಶಾಂತಾ ಒಂದೇ ಜಾಗಕ್ಕೆ ಒಂದೇ ಗಾಯ ಮಾಡಿದ್ದರೆಂಬುದು ನೆನಪಾದಾಗಲೆಲ್ಲ ಈಗಲೂ ಮೈ ಜುಮ್ಮೆನ್ನುತ್ತದೆ.

ಉಳಿದ ಕಟ್ಟಿಗೆಯಲ್ಲಿ ಮೌನೇಶಪ್ಪ ನಮಗೂ ಒಂದು ಮೇಜು ಮಾಡಿಕೊಟ್ಟರು. ಮರುವರ್ಷದ ಬೇಸಿಗೆಯಲ್ಲಿ ಶಾಂತಾ ತಾನಾಗಿಯೇ ಬಟ್ಟೆ ಮಡಿಸಿ ತಂದಳು. ನಾನದನ್ನು ಇಸಿದುಕೊಂಡು ಹೆಗಲಿಗೆ ಹಾಕಿ, ಮಂಡಿಯೂರಿ ಮೇಜಿನ ಅಡಿಗೆ ತಲೆ ಹಾಕಿ ತಿರುಪು ತಿರುಗಿಸಿದೆ.

“ಸಾಕ್ರಿ, ಕಟಿಗ್ಯಾಗ ಇಳೀತೈತಿ” ಎಂದಳು.

“ಇಳೀಲಿ” ಎಂದು ಇನ್ನೊಂದು ಸುತ್ತು ಬಿಗಿದೆ.